ಭಾನುವಾರದ ನಿದ್ದೆ

"ನಿಜ ಹೇಳು ಲೂಪೆ, ಇದನ್ನ ಬರೆಯೋದು ನನ್ನ ಸಮಾಧಾನಕ್ಕೆ ತಾನೇ?"

ಶಿಶುವಿಹಾರದ ಬಾಗಿಲ ಪಕ್ಕದ ಬಿಳಿ ಹಲಗೆಯತ್ತ ಬೆರಳು ತೋರಿಸಿ ಬ್ರಾನ್ವಿನ್ ಕೇಳಿದಳು. ಒಂದೊಂದು ಮಗುವಿನ ಹೆಸರಿನ ಮುಂದೂ ಮಲಗಿದ ಹೊತ್ತು, ಎದ್ದ ಹೊತ್ತು ಬರೆದಿತ್ತು. ಆರ್ಲೋ: ಹನ್ನೆರಡೂಕಾಲರಿಂದ ಎರಡು. ಅವಳ ಈ ಎರಡೂವರೆ ವರ್ಷದ ಮಗ ರಜೆಯ ದಿನ ಮನೆಯಲ್ಲಿ ರೆಪ್ಪೆ ಮುಚ್ಚುತ್ತಿರಲಿಲ್ಲ. ಅತ್ತೂ ಅತ್ತೂ "ಲೂಪೆ" ಎನ್ನುತ್ತಿದ್ದ.

ಟೋಂಗಾ ದ್ವೀಪದಿಂದ ಬಂದು ಮಿಲ್ಡೂರಾದ ಅರ್ಧ ಊರಿನ ಮಕ್ಕಳನ್ನು ಮಲಗಿಸಿದ್ದ ಲೂಪೆ ಹೊಟ್ಟೆ ಕುಣಿಸಿ ನಕ್ಕಳು. "ಸುಳ್ಳು ಬರೆದ್ರೆ ನನ್ ಕೆಲ್ಸ ಹೋಗತ್ತೆ ಮಗಳೇ. ಬೆನ್ನು ತಟ್ತೀನಿ, ಅಷ್ಟೇ."

"ನಾನೂ ತಟ್ತೀನಿ. ಕೈ ತಳ್ಳಿಬಿಡ್ತಾನೆ."

"ಕಿತ್ತಳೆ ಪೆಟ್ಟಿಗೆಗೆ ಮುಚ್ಚಳ ಬಡಿದ ಹಾಗೆ ತಟ್ಟಿದ್ರೆ ಯಾವ ಮಗು ಮಲಗತ್ತೆ? ಬಾ, ಇಲ್ಲಿ ಮಲ್ಕೋ, ತೋರಿಸ್ತೀನಿ."

ಪೆಟ್ಟಿಗೆಗೆ ಹಣ್ಣು ತುಂಬುವ ಶೆಡ್ಡಿನ ಕೆಲಸದಿಂದ ನೇರ ಬಂದಿದ್ದ ಬ್ರಾನ್ವಿನ್, ನಾಚಿಕೊಳ್ಳುತ್ತಲೇ ಮಕ್ಕಳ ಪುಟ್ಟ ಹಾಸಿಗೆಯ ಮೇಲೆ ಬೋರಲಾದಳು. ಕಾಲು ಹೊರಗೇ ಉಳಿದವು. ಲೂಪೆಯ ಅಗಲವಾದ ಅಂಗೈ ಬೆನ್ನಿಗೆ ತಾಕಿತು. ಎರಡು ನಿಧಾನ, ಒಂದು ಇನ್ನೂ ನಿಧಾನ. ಗಂಡ ಗಣಿ ಕೆಲಸಕ್ಕೆ ಹೋಗಿ ಐದು ವಾರವಾಗಿತ್ತು. ಅಲ್ಲಿಂದೀಚೆಗೆ ದೊಡ್ಡವರೊಬ್ಬರ ಕೈ ಅವಳನ್ನು ಮುಟ್ಟಿದ್ದು ಇದೇ ಮೊದಲು. ತಾಳ ನೆನಪಿಟ್ಟುಕೊಳ್ಳಬೇಕು ಎಂದುಕೊಂಡವಳು ಹತ್ತು ಎಣಿಸುವಷ್ಟರಲ್ಲಿ ನಿದ್ದೆ ಹೋದಳು.

"ಏಳು, ಬೀಗ ಹಾಕೋ ಹೊತ್ತಾಯ್ತು," ಎಂದು ಲೂಪೆ ಎಬ್ಬಿಸಿದಳು. "ನಿನ್ ಹೆಸ್ರೂ ಹಲಗೇಲಿ ಬರೀಲಾ?"

ಭಾನುವಾರ ಮಧ್ಯಾಹ್ನ ಬ್ರಾನ್ವಿನ್ ಪರದೆ ಎಳೆದು, ಮಗನ ಪಕ್ಕ ಮಲಗಿ, ಅವನ ಬೆನ್ನ ಮೇಲೆ ಕೈಯಿಟ್ಟಳು. ಎರಡು ನಿಧಾನ, ಒಂದು ಇನ್ನೂ ನಿಧಾನ. ಎಲ್ಲೂ ತಪ್ಪಲಿಲ್ಲ. ಆರ್ಲೋ ಅಳಲಿಲ್ಲ, ಕೈಯನ್ನೂ ತಳ್ಳಲಿಲ್ಲ. ಅವನ ಉಸಿರು ಒಂದೇ ಸಮನಾಗುತ್ತಿದ್ದ ಹಾಗೆ ಅವಳಿಗೆ ತಡೆಯಲಾಗಲಿಲ್ಲ, ಕಣ್ಣು ತುಂಬಿಬಂತು.

ಅವಳು ಮೂಗೆಳೆದ ಸದ್ದಿಗೆ ಆರ್ಲೋ ಹೊರಳಿ, ಅವಳ ಮುಖವನ್ನೇ ನೋಡಿದ. ಆಮೇಲೆ ಪುಟ್ಟ ಅಂಗೈಯನ್ನು ಅವಳ ತೋಳಿನ ಮೇಲಿಟ್ಟು ಅದೇ ತಾಳದಲ್ಲಿ ತಟ್ಟುತ್ತ, ಶಿಶುವಿಹಾರದಲ್ಲಿ ದಿನವೂ ತಾನು ಕೇಳಿಸಿಕೊಂಡಿದ್ದ ಮೆಲುದನಿಯಲ್ಲೇ ಹೇಳಿದ:

"ಅಳ್ಬೇಡ ಪುಟ್ಟಾ, ಮಲ್ಕೋ. ಅಮ್ಮ ಸಂಜೆ ಬರ್ತಾಳೆ."