ಅಜ್ಜಿ ತೊಳೆದ ಮೌತ್ ಆರ್ಗನ್

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪ ತಿಕ್ಕುವಾಗ ಕೈಗೆ ಹತ್ತುವ ವಾಸನೆ ಇವತ್ತಿಗೂ ನನಗೆ ನಾಗಣ್ಣನನ್ನು ನೆನಪಿಸುತ್ತದೆ.

ನಾಗಣ್ಣ ಶಿಕಾರಿಪುರದ ನಮ್ಮ ಓಣಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ. ಸಂಜೆಯಾದರೆ ಆರ್ಕೆಸ್ಟ್ರಾದಲ್ಲಿ ಮೌತ್ ಆರ್ಗನ್ ನುಡಿಸುತ್ತಿದ್ದ. ಯಾರೂ ಕೇಳದಿದ್ದರೂ ಸಿನಿಮಾ ಹಾಡುಗಳ ನಡುವೆ ಬ್ಲೂಸ್ ಎಂಬ ಹೊರದೇಶದ ಧಾಟಿಯೊಂದನ್ನು ನುಡಿಸಿಯೇ ತೀರುತ್ತಿದ್ದ. "ಇದು ಬರೀ ಊದೋದಲ್ಲ, ಉಸಿರು ಒಳಗೆ ಎಳ್ಕೊಂಡು ಅಳೋದು" ಎನ್ನುತ್ತಿದ್ದ.

ಆ ಮಧ್ಯಾಹ್ನ ನಮ್ಮ ಮನೆಯ ಫ್ಯಾನ್ ರಿಪೇರಿಗೆ ಬಂದವನು ಮೌತ್ ಆರ್ಗನ್ನನ್ನು ಕಿಟಕಿಯಲ್ಲಿಟ್ಟು ಏಣಿ ಹತ್ತಿದ್ದ. ನಾನು ಅದನ್ನು ಬಾಯಿಗಿಡಲು ಹೋದೆ.

"ಥೂ, ಅವನ ಎಂಜಲು ಕಣೇ ಅದು!" ಎಂದು ಅಜ್ಜಿ ಕಸಿದುಕೊಂಡಳು. ಹಿತ್ತಿಲಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿ, ಬಕೆಟ್ಟಿನ ನೀರಿನಲ್ಲಿ ಅದ್ದಿ, ಫಳಫಳ ಹೊಳೆಯಿಸಿ ಕೊಟ್ಟಳು. "ಹ್ಞೂಂ, ಈಗ ಊದು."

ಊದಿದರೆ ನೀರು ಬಂತು, ಸ್ವರ ಬರಲಿಲ್ಲ. ತಗಡಿನ ಒಳಗಿನ ಮರದ ಪಟ್ಟಿ ನೀರು ಕುಡಿದು ಉಬ್ಬಿಕೊಂಡಿತ್ತು. ಅವತ್ತೇ ಸಂಜೆ ಸೊರಬದಲ್ಲಿ ಅವನ ಕಾರ್ಯಕ್ರಮವಿತ್ತು. ನನಗೆ ಅಳುವೇ ಬಂತು.

ಏಣಿಯಿಳಿದ ನಾಗಣ್ಣ ಅದನ್ನು ತೊಡೆಗೆ ಬಡಿದು ತುಟಿಗಿಟ್ಟ. ಮೂರೇ ತೂತು ನುಡಿಯುತ್ತಿದ್ದವು. ಆ ಮೂರರಲ್ಲೇ ಅವನು ಎಳೆದ ಬ್ಲೂಸ್ ಮುಗಿಯುವತನಕ ಅಜ್ಜಿ ಒದ್ದೆ ಕೈ ಒರೆಸಿಕೊಳ್ಳುವುದನ್ನೇ ಮರೆತಳು.

"ಭಾಳ ಚಂದ ತೊಳ್ದೀರಿ ಅಮ್ಮಾ. ಇದು ಇಷ್ಟು ದಿನ ಹಿಂಗೆ ನುಡಿದಿರಲಿಲ್ಲ ನೋಡ್ರಿ" ಎಂದ.

ಅಜ್ಜಿ ಬೀಗಿದಳು. "ಮುಂದಿನ ಸಲಾನೂ ತಗಂಬಾ, ತೊಳ್ದುಕೊಡ್ತೀನಿ."

ಆಮೇಲೆ ನಾಗಣ್ಣನ ಜೇಬಿನಲ್ಲಿ ಯಾವಾಗಲೂ ಎರಡು ಮೌತ್ ಆರ್ಗನ್ ಇರುತ್ತಿದ್ದವು: ಒಂದು ನುಡಿಸುವುದಕ್ಕೆ, ಇನ್ನೊಂದು ಅಜ್ಜಿಗೆ ತೊಳೆಯಲು ಕೊಡುವುದಕ್ಕೆ.