ಬಂಡೆಯ ಮೇಲಿನ ಫೋಟೊ

ದಾವಣಗೆರೆಯ ಮನೆಯಲ್ಲಿ ಊಟಕ್ಕೆ ಕೂತಿದ್ದ ಕಸ್ತೂರಮ್ಮನ ಬೆರಳು ಮಗನ ಫೋಟೊದ ಎದೆಯ ಮೇಲೆ ನಿಂತುಬಿಟ್ಟಿತು. “ಲಿಂಗ ಎಲ್ಲೈತೋ ಉಜ್ಜನಪ್ಪ?”

ಹರಿಹರದ ಕಾರ್ಖಾನೆಯವರು ಅವನನ್ನು ತರಬೇತಿಗೆಂದು ಸ್ವಿಟ್ಜರ್ಲೆಂಡಿಗೆ ಕಳಿಸಿದ್ದರು. ಕೊನೆಗೆ ಊರು ನೋಡಲು ಸಿಕ್ಕ ಮೂರು ದಿನಗಳಲ್ಲಿ ಒಂದನ್ನು ಅವನು ಬಂಡೆ ಹತ್ತಲು ಇಟ್ಟುಕೊಂಡಿದ್ದ. ಫೋಟೊದಲ್ಲಿ ಬಂಡೆಯ ತುದಿ, ಬರಿಮೈಗೆ ಬಿಗಿದ ಹಗ್ಗ, ಬಾಯಿ ತುಂಬ ನಗು.

“ಹಗ್ಗಕ್ಕೆ ಸಿಕ್ಕಿ ಒಡೀತೈತೆ ಅಂತ ಬಂಡೆ ಹತ್ತಿಸೋರು ಅಂದ್ರವ್ವ. ಬಿಚ್ಚಿ ಚೀಲದಾಗ ಇಟ್ಟಿದ್ದೆ. ಒಂದೇ ತಾಸು.”

“ಬಂಡೆ ಬೇಕಿದ್ರೆ ನಮ್ಮ ದುರ್ಗದಾಗ ಇರಲಿಲ್ಲೇನೋ?”

ಬೈದು ಸುಮ್ಮನಾಗುತ್ತಾಳೆಂದು ಅವನು ಉಸಿರುಬಿಟ್ಟ. ಆದರೆ ಕಟ್ಟಿದ ಲಿಂಗ ಬಿಚ್ಚಿದವರ ಕಣ್ಣೆದುರು ಕಸ್ತೂರಮ್ಮ ಎಂದೂ ಉಂಡವಳಲ್ಲ. ಅವಳು ರೊಟ್ಟಿಯ ತಟ್ಟೆ ಎತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತಳು.

“ಈಗ ಐತಲ್ಲವ್ವ,” ಎಂದು ಉಜ್ಜನಪ್ಪ ಕೊರಳ ಲಿಂಗವನ್ನು ಹಿಡಿದು ತೋರಿಸಿದ. ಅವಳ ಬೆನ್ನು ಕದಲಲಿಲ್ಲ.