ದಿಂಬಿನಡಿಯ ಸಮುದ್ರ

"ಕೊಡೋ ಇಲ್ಲಿ! ಅದೇನು ನಿಮ್ಮಪ್ಪನ ಆಸ್ತಿನಾ?"

ನರ್ಸ್ ಸುಲಸ್ತ್ರಿ ಎಳೆದಷ್ಟೂ ಗಿಲಾಂಗ್ ವಿಆರ್ ಕನ್ನಡಕವನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡ. ಹಾಕಿಕೊಂಡರೆ ಸುತ್ತಲೂ ಸಮುದ್ರವೇ ಕಾಣುವ ಆ ಕನ್ನಡಕ ಸುರಬಾಯಾದ ಆ ಮಕ್ಕಳ ವಾರ್ಡಿಗೆಲ್ಲ ಒಂದೇ. ಸೂಜಿಗೆ ಹೆದರುವ ಮಕ್ಕಳ ಗಮನ ಬೇರೆಡೆ ಸೆಳೆಯಲೆಂದು ತಂದದ್ದು. ಪಕ್ಕದ ಮಂಚದ ಪುಟ್ಟ ನಿಂಗ್ರುಮ್ ಸೂಜಿ ಕಂಡು ಆಗಲೇ ಚಾವಣಿ ಹಾರಿಹೋಗುವಂತೆ ಕಿರುಚುತ್ತಿದ್ದಳು. ಈ ಒಂಬತ್ತರ ಪೋರ ಮಾತ್ರ ನಿನ್ನೆಯಿಂದ ಅದನ್ನು ದಿಂಬಿನಡಿ ಬಚ್ಚಿಟ್ಟು ಕೋಳಿಯಂತೆ ಕಾವು ಕೊಡುತ್ತಿದ್ದ.

ಅದೂ ಸೂಜಿಯ ಭಯಕ್ಕಲ್ಲ. ಬೆಳಿಗ್ಗೆ ಕನ್ನಡಕ ಬೇಡವೆಂದು, ಡಾಕ್ಟರರ ಬೋಳುತಲೆಯನ್ನು ಗೇಲಿ ಮಾಡುತ್ತಲೇ ಚುಚ್ಚಿಸಿಕೊಂಡಿದ್ದ. ಅಮ್ಮ ಬಂದಳೋ, ಕನ್ನಡಕ ಮೂಗಿಗೇರುತ್ತಿತ್ತು.

"ಅಬ್ಬಾ, ಎಂಥಾ ದಪ್ಪ ಮೀನಮ್ಮಾ! ಥೇಟ್ ಸಿಸ್ಟರೇ! ಗುರ್ ಅಂತ ನನ್ ಕಡೆನೇ ಬರ್ತಿದೆ."

ಪಕ್ಕದಲ್ಲಿ ಕೂತ ಅಮ್ಮ ವರ್ಸಿನಿ ಗದರಲಿಲ್ಲ. ಮೂಗೊರೆಸಿಕೊಂಡು, "ಹೌದಾ ಮಗಾ? ಆಮೇಲೆ?" ಎಂದಳು.

ಮಗನ ಕಾಲಿನ ಗೆಡ್ಡೆಗೆ ನಾಳೆ ಆಪರೇಷನ್. ಕಾಲು ಉಳಿಯುತ್ತದೆಂದು ಡಾಕ್ಟರರೂ ಮಾತು ಕೊಟ್ಟಿರಲಿಲ್ಲ. ಈ ತಾಯಿ ಮಾತ್ರ ಮದುವೆಮನೆಗೆ ಬಂದವಳ ಹಾಗೆ ನಗುನಗುತ್ತಲೇ ವಾರ್ಡಿಗೆ ಬರುತ್ತಿದ್ದಳು. ಕಣ್ಣೇಕೆ ಕೆಂಪೆಂದರೆ, "ಸೊಟೊ ಸಾರಿನ ಅಂಗಡಿ ಅಲ್ವಾ ಸಿಸ್ಟರ್, ದಿನಾ ಈರುಳ್ಳಿ ಹೆಚ್ಚೋದೇ ಆಯ್ತು" ಎನ್ನುವಳು. ಎಂಥ ಕಲ್ಲುಮನಸ್ಸಪ್ಪಾ ಎಂದು ಸುಲಸ್ತ್ರಿಗೆ ಒಳಗೊಳಗೇ ಸಿಟ್ಟು. ಈಗಲೂ ಮುಖ ತೊಳೆದು ಬರುತ್ತೇನೆಂದು ವರ್ಸಿನಿ ಎದ್ದು ಹೋದಳು.

ಗಿಲಾಂಗ್‌ನ ಹಿಡಿತ ತಾನೇ ಸಡಿಲವಾಯಿತು. ಸುಲಸ್ತ್ರಿ ಕನ್ನಡಕ ಕಿತ್ತುಕೊಂಡಳು. ತನ್ನನ್ನು ಹೋಲುವ ಆ ಮೀನನ್ನು ಒಂದು ಕೈ ನೋಡಿಯೇಬಿಡೋಣವೆಂದು ಕಣ್ಣಿಗಿಟ್ಟಳು.

ಕಗ್ಗತ್ತಲೆ. ಮೀನೂ ಇಲ್ಲ, ನೀರೂ ಇಲ್ಲ. ಗುಂಡಿ ಒತ್ತಿದರೂ ಅಷ್ಟೇ.

"ನಿನ್ನೆ ಬೀಳಿಸ್ಬಿಟ್ಟೆ" ಎಂದ ಗಿಲಾಂಗ್, ತಲೆ ತಗ್ಗಿಸಿ.

"ಕಳ್ಳಾ! ನಾನು ಬೈತೀನಿ ಅಂತ ಹೆದರಿ ಇಷ್ಟೆಲ್ಲಾ ನಾಟಕವಾ?"

"ನಿಮಗ್ಯಾರು ಹೆದರ್ತಾರೆ?"

ಹೊರಗೆ ವರ್ಸಿನಿಯ ಚಪ್ಪಲಿಯ ಸದ್ದು ಹತ್ತಿರವಾಯಿತು. ಹುಡುಗ ಗಡಬಡಿಸಿ ಕೈ ಚಾಚಿದ.

"ಬೇಗ ಕೊಡಿ ಸಿಸ್ಟರ್. ನಾನು ಅಮ್ಮನ್ನೇ ನೋಡ್ತಾ ಇದ್ರೆ ಅವಳಿಗೆ ಅಳೋಕಾಗಲ್ಲ."